ಹಾಡಿದವರ ಹೆಸರೂ ಗ್ರಂಥಋಣದಲ್ಲಿರಲಿ

ಮಾನ್ಯ ಸಂಪಾದಕರೇ,

ನಿವೃತ್ತಿಯ ನಂತರ ಶಿರಸಿಯಲ್ಲಿದ್ದುಕೊಂಡು, ಜಿಲ್ಲೆಯ ಕನ್ನಡ ಮತ್ತು ಇತಿಹಾಸದ ವಿದ್ಯಾರ್ಥಿಗಳು ತಂದುಕೊಡುವ ಸಂಶೋಧನ ಪ್ರಬಂಧಗಳನ್ನು ಓದಿ ತಿದ್ದಿಕೊಡುತ್ತಿದ್ದೇನೆ. ಭಾಷೆಯ ತಪ್ಪುಗಳನ್ನು ತಿದ್ದುವುದು ಕಷ್ಟವಲ್ಲ. ನನ್ನನ್ನು ಚಿಂತೆಗೀಡುಮಾಡುತ್ತಿರುವುದು ಪ್ರಬಂಧದ ಕೊನೆಯ ಪುಟಗಳಲ್ಲಿ ಬರುವ ಗ್ರಂಥಋಣ, ಅಂದರೆ ಆಕರಗಳ ಪಟ್ಟಿ. 'ಆಕರ: ಗೂಗಲ್' ಎಂದು ಒಂದೇ ಸಾಲಿನಲ್ಲಿ ಅದನ್ನು ಮುಗಿಸಿದ್ದನ್ನೂ ಕಂಡಿದ್ದೇನೆ.

ನಮ್ಮ ಜಿಲ್ಲೆಯ ಚರಿತ್ರೆಯನ್ನು ಬರೆಯುವವರು ಬ್ರಿಟಿಷ್ ಸರ್ಕಾರ ಜಿಲ್ಲೆವಾರು ವಿವರಗಳನ್ನು ಸಂಗ್ರಹಿಸಿ ಹೊರತಂದ ಮುಂಬಯಿ ಪ್ರಾಂತ್ಯದ ಗ್ಯಾಸೆಟಿಯರನ್ನು ನೋಡದೆ ಮುಂದೆ ಹೋಗಲಾರರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಿದ್ದರಿಂದ, ನಮ್ಮ ಜಿಲ್ಲೆಯನ್ನು ಕುರಿತ ಕೆನರಾ ಸಂಪುಟವು ಆ ಮಾಲೆಯ 15ನೆಯದಾಗಿ, ಜೇಮ್ಸ್ ಕ್ಯಾಂಪ್‌ಬೆಲ್ ಅವರ ಸಂಪಾದಕತ್ವದಲ್ಲಿ, 1883ರಲ್ಲಿ ಎರಡು ಭಾಗಗಳಾಗಿ ಹೊರಬಂತು. ಭಾಗ, ಪುಟ ಯಾವುದನ್ನೂ ಹೇಳದೆ ಬರಿದೇ 'ಗ್ಯಾಸೆಟಿಯರ್' ಎಂದು ಬರೆದರೆ ಓದುಗನು ನೂರಾರು ಪುಟಗಳನ್ನು ಮಗುಚಬೇಕಾಗುತ್ತದೆ. ಮರುಮುದ್ರಣದ ವರ್ಷವನ್ನಷ್ಟೇ ಕೊಟ್ಟು ಮೂಲದ ವರ್ಷವನ್ನು ಬಿಟ್ಟರೆ ಆಗುವ ಅನರ್ಥ ಇನ್ನೂ ದೊಡ್ಡದು. ಒಂದು ಪ್ರಬಂಧದಲ್ಲಿ ಕುಮಟಾ ಬಂದರಿನ ಹತ್ತಿ ವ್ಯಾಪಾರವು ಮೊನ್ನೆ ಮೊನ್ನೆಯವರೆಗೂ ನಡೆದಿತ್ತೆಂಬ ಭಾವನೆ ಬರುವಂತಿದ್ದುದಕ್ಕೆ ಈ ಒಂದು ಲೋಪವೇ ಕಾರಣವಾಗಿತ್ತು.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಕೃತಿಚೌರ್ಯ ತಡೆ ನಿಯಮಗಳ ಪ್ರಕಾರ, ಪ್ರಬಂಧಕ್ಕೆ ಬೇರೆಯವರ ಬರಹದೊಡನೆ ಇರುವ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ 60ನ್ನು ಮೀರಿದರೆ ಸಂಶೋಧನಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಹೀಗಾಗಿ ಆ ಹತ್ತರೊಳಗೆ ಉಳಿದರೆ ಸಾಕೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಆದರೆ ಹೋಲಿಕೆಯನ್ನು ಅಳೆಯುವ ತಂತ್ರಾಂಶವು ಮುಖ್ಯವಾಗಿ ನೋಡುವುದು ಪದಗಳ ಹೋಲಿಕೆಯನ್ನು. ಗ್ಯಾಸೆಟಿಯರಿನ ಇಂಗ್ಲಿಷ್ ಪುಟವೊಂದನ್ನು ಸಾಲು ಬಿಡದೆ ಕನ್ನಡಕ್ಕೆ ಇಳಿಸಿ ತನ್ನದೆಂದು ಬರೆದುಕೊಂಡರೂ ಹೋಲಿಕೆ ಸೊನ್ನೆಯೆಂದು ಬರಬಹುದು. ಅನುವಾದಿಸಿದ್ದಕ್ಕೂ, ಸ್ವಂತ ಮಾತಿನಲ್ಲಿ ಸಂಗ್ರಹಿಸಿದ್ದಕ್ಕೂ ಅಡಿಟಿಪ್ಪಣಿ ಬೇಕೆಂಬುದನ್ನು ಪದವಿ ತರಗತಿಯಲ್ಲೇ ಕಲಿಸಬೇಕಾಗಿದೆ.

ಇವೆಲ್ಲಕ್ಕಿಂತ ನನಗೆ ನೋವುಂಟುಮಾಡುವ ಸಂಗತಿ ಬೇರೊಂದಿದೆ. ಕರಾವಳಿಯ ಜನಪದವನ್ನು ಕುರಿತ ಪ್ರಬಂಧಗಳಲ್ಲಿ ಇಲ್ಲಿನ ಹಾಲಕ್ಕಿ ಒಕ್ಕಲಿಗ ಸಮುದಾಯದವರ ಹಾಡುಗಳು ಪುಟಗಟ್ಟಲೆ ಇರುತ್ತವೆ, ಹಾಡಿದ ಹೆಂಗಸಿನ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದುದರಿಂದ ಅವರ ಹೆಸರು ನಾಡಿಗೆಲ್ಲ ಗೊತ್ತಾಯಿತು. ಅವರ ಓರಗೆಯ ಎಷ್ಟೋ ಮಂದಿ ಇಂದಿಗೂ ಪ್ರಬಂಧಗಳಲ್ಲಿ 'ಒಬ್ಬ ಹಾಲಕ್ಕಿ ಮಹಿಳೆ' ಆಗಿಯೇ ಉಳಿದಿದ್ದಾರೆ. ಇದಕ್ಕೆ ಬರೆಯುವವರ ಉದಾಸೀನವೊಂದೇ ಕಾರಣವಲ್ಲ. ಆಕರಗಳನ್ನು ಉಲ್ಲೇಖಿಸುವ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಪದ್ಧತಿಯಲ್ಲಿ ಮುಖತಃ ನಡೆದ, ದಾಖಲೆಯಾಗದ ಮಾತುಕತೆಯನ್ನು ಓದುಗರು ಹುಡುಕಿ ತೆಗೆಯಲಾರರೆಂಬ ಕಾರಣಕ್ಕೆ ಬರಹದೊಳಗೆ ಮಾತ್ರ ಸೂಚಿಸುತ್ತಾರೆ, ಕೊನೆಯ ಪಟ್ಟಿಗೆ ಸೇರಿಸುವುದಿಲ್ಲ. ಎಂಎಲ್ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಪದ್ಧತಿಯಲ್ಲಾದರೆ ಸಂದರ್ಶನ ಕೊಟ್ಟವರು ತಮ್ಮ ಹೆಸರಿನಿಂದಲೇ ಪಟ್ಟಿಯಲ್ಲಿ ಬರುತ್ತಾರೆ. ವಕ್ತೃಗಳ, ಅಂದರೆ ಹಾಡಿದ ಅಥವಾ ಹೇಳಿಕೊಟ್ಟವರ, ಹೆಸರು, ವಯಸ್ಸು, ಊರು, ಸಂಗ್ರಹಿಸಿದ ದಿನಾಂಕಗಳನ್ನು ಅನುಬಂಧದಲ್ಲಿ ಕೊಡುವ ಒಳ್ಳೆಯ ರೂಢಿಯೊಂದು ಕನ್ನಡ ಜಾನಪದ ಅಧ್ಯಯನದಲ್ಲಿ ಮೊದಲಿನಿಂದ ಇದೆ. ಅವರ ಒಪ್ಪಿಗೆ ಕೇಳಿ, ಆ ರೂಢಿಯನ್ನು ಬಿಡದೆ ಪಾಲಿಸಬೇಕು. ನಮ್ಮ ಹಿರಿಯರು ಈ ಪಟ್ಟಿಯನ್ನು ಋಣ ಎಂದು ಕರೆದಿದ್ದಾರೆ. ಪುಸ್ತಕದ ಋಣವನ್ನು ಒಪ್ಪಿಕೊಂಡು ಹಾಡಿದವರ ಋಣವನ್ನು ಮರೆಯುವುದು ಯಾವ ನ್ಯಾಯವೆಂದು ನನಗೆ ತಿಳಿಯದು.

ಹೊರಗಿನ ಪದ್ಧತಿಗಳು ನಮ್ಮ ಹೆಸರುಗಳಿಗೂ ಸರಿಯಾಗಿ ಹೊಂದುವುದಿಲ್ಲ. ಅಡ್ಡಹೆಸರನ್ನು ಮುಂದಿಟ್ಟು ಅಕಾರಾದಿಯಾಗಿ ಜೋಡಿಸಿದರೆ ಶಿರಸಿ ಸೀಮೆಯ ಪಟ್ಟಿಯಲ್ಲಿ ಹೆಗಡೆ, ಭಟ್ಟರೇ ಸಾಲುಗಟ್ಟಿ ನಿಲ್ಲುತ್ತಾರೆ; ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಇಟ್ಟುಕೊಳ್ಳುವ ಮೈಸೂರು ಕಡೆಯ ಲೇಖಕರಿಗೆ ಅಡ್ಡಹೆಸರೇ ಇರುವುದಿಲ್ಲ. ಒಬ್ಬನೇ ಲೇಖಕನು ಒಂದು ಪ್ರಬಂಧದಲ್ಲಿ ಮೂರು ಬಗೆಯಾಗಿ ಕಾಣಿಸಿಕೊಂಡದ್ದುಂಟು.

ಆದ್ದರಿಂದ ಕರ್ನಾಟಕ ವಿಶ್ವವಿದ್ಯಾಲಯವೂ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಕೂಡಿ, ಗ್ರಂಥ, ಶಾಸನ, ತಾಳೆಗರಿ, ಜಾಲತಾಣ ಮತ್ತು ವಕ್ತೃ ಈ ಐದನ್ನೂ ಕನ್ನಡದಲ್ಲಿ ಉಲ್ಲೇಖಿಸುವ ಬಗೆಯನ್ನು ಉದಾಹರಣೆಸಹಿತ ತೋರಿಸುವ ಕೈಪಿಡಿಯೊಂದನ್ನು ಸಿದ್ಧಪಡಿಸಿ, ಕಾರವಾರದಿಂದ ಭಟ್ಕಳದವರೆಗಿನ ಪ್ರತಿ ಕಾಲೇಜಿನ ಗ್ರಂಥಾಲಯಕ್ಕೂ ತಲುಪಿಸಬೇಕೆಂದು ವಿನಂತಿಸುತ್ತೇನೆ. ಬರುವ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲೇ ಅದು ವಿದ್ಯಾರ್ಥಿಗಳ ಕೈಸೇರಿದರೆ ಉಪಕಾರವಾದೀತು.

ಇತಿ,
ಒಬ್ಬ ನಿವೃತ್ತ ಅಧ್ಯಾಪಕ, ಶಿರಸಿ