ಶಾಲು ಬೇಡ, ಬದಲಿ ನರ್ಸ್ ಕೊಡಿ

ಮಾನ್ಯ ಸಂಪಾದಕರೇ,

2023ರ ಫೆಬ್ರುವರಿ 6ರ ಭೂಕಂಪದ ನಂತರ ತುರ್ಕಿಯ ಇಸ್ಕೆಂದೆರುನ್‌ನಲ್ಲಿ ನಮ್ಮ ಸೇನೆಯ 60 ಪ್ಯಾರಾ ಫೀಲ್ಡ್ ಆಸ್ಪತ್ರೆ 30 ಹಾಸಿಗೆಗಳೊಂದಿಗೆ ಕೆಲಸ ಮಾಡಿತು. ಇಂಥ ಅನಾಹುತದಲ್ಲಿ ಜೀವ ನಿಲ್ಲುವುದು ಎಷ್ಟೋ ಸಲ ಒಂದು ಡ್ರಿಪ್‌ನ ಮೇಲೆ. ಗಂಟೆಗಟ್ಟಲೆ ಅವಶೇಷದಡಿ ಸಿಕ್ಕ ಕಾಲಿನ ಮೇಲಿನ ಭಾರ ಎತ್ತಿದೊಡನೆ, ಜಜ್ಜಿದ ಸ್ನಾಯುವಿನ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯವೇ ನಿಂತುಬಿಡಬಹುದು. ಅದಕ್ಕೇ ಭಾರ ಎತ್ತುವ ಮೊದಲೇ ನರ್ಸ್ ನಾರ್ಮಲ್ ಸಲೈನ್ (ಉಪ್ಪುನೀರಿನ ಡ್ರಿಪ್) ಹಾಕಬೇಕು; ವಯಸ್ಕರಿಗೆ ಗಂಟೆಗೆ ಸುಮಾರು 1 ಲೀಟರ್. ರಿಂಗರ್ ಲ್ಯಾಕ್ಟೇಟ್ ಎಂಬ ಇನ್ನೊಂದು ಡ್ರಿಪ್ ಕೂಡದು, ಅದರಲ್ಲೇ ಪೊಟ್ಯಾಸಿಯಂ ಇದೆ. ಬಳಿಕ ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಿ ಗಂಟೆಗಂಟೆಗೂ ಮೂತ್ರ ಅಳೆಯಬೇಕು. ಅದು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಕುತ್ತು.

ಇದನ್ನೆಲ್ಲ ಮಾಡುವ ನರ್ಸ್‌ನ ಕೈ ಊರಿನ ಆಸ್ಪತ್ರೆಯ ವಾರ್ಡಿಗೂ ಬೇಕು. ಏಳಲಾಗದ ರೋಗಿಯ ಮಗ್ಗುಲನ್ನು 2 ಗಂಟೆಗೊಮ್ಮೆ ಬದಲಿಸಲು ಇಬ್ಬರಿರಬೇಕು. ಒಬ್ಬರೇ ಎಳೆದರೆ ಚರ್ಮ ತರಚುತ್ತದೆ. ಜೊತೆಯವರು ಪರಿಹಾರಕ್ಕೆ ಹೋಗಿ ರಾತ್ರಿ ಪಾಳಿಗೆ ಒಬ್ಬರೇ ಉಳಿದರೆ ಚಾರ್ಟೇನೋ ತುಂಬುತ್ತದೆ, ಮಗ್ಗುಲು ಮಾತ್ರ ಬದಲಾಗುವುದಿಲ್ಲ. ಕೆಲವೇ ದಿನಗಳಲ್ಲಿ ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಕೆಂಪು ಕಾಣುತ್ತದೆ; ಹಾಸಿಗೆ ಹುಣ್ಣಿನ ಶುರು ಅದು. ಪರಿಹಾರ ಕೆಲಸ ಮುಗಿಸಿ ಮರಳಿ ಬಂದವರಿಗೆ ಶಾಲು ಹೊದಿಸುವುದು ಆಮೇಲಿರಲಿ. ನರ್ಸ್‌ಗಳನ್ನು ಪರಿಹಾರ ತಂಡಕ್ಕೆ ಕಳಿಸುವ ಆದೇಶದಲ್ಲೇ ಬದಲಿಯವರ ಹೆಸರೂ ಇರಬೇಕು.

– ಕೆಲವು ಶುಶ್ರೂಷಾಧಿಕಾರಿಗಳು, ಮೈಸೂರು