‘ಸಂಬಂಧಪಟ್ಟವರು’ ಅಂದರೆ ಯಾರು?

ಮಾನ್ಯ ಸಂಪಾದಕರೇ,

ನಿಮ್ಮ ಜಿಲ್ಲಾ ಪುಟದಲ್ಲಿ ನಮ್ಮ ಭಾಗದ ಕಷ್ಟಗಳ ಸುದ್ದಿ ತಪ್ಪದೆ ಬರುತ್ತದೆ. ಅದಕ್ಕೆ ಋಣಿ. ಆದರೆ ಹೆಚ್ಚಿನ ಸುದ್ದಿ ‘ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕು’ ಎಂಬ ಸಾಲಿಗೆ ಬಂದು ನಿಂತುಬಿಡುತ್ತದೆ. ಆ ಸಂಬಂಧಪಟ್ಟವರು ಯಾರು ಅಂತ ದಯವಿಟ್ಟು ಹೆಸರಿಟ್ಟು ಬರೆಯಿರಿ. ಯಾಕೆ ಇಷ್ಟು ಒತ್ತಿ ಕೇಳುತ್ತಿದ್ದೇನೆ ಎಂದು ಹೇಳುತ್ತೇನೆ.

ಲಿಂಗಸುಗೂರಿನಲ್ಲಿ ಎಸಿ (ಅಸಿಸ್ಟೆಂಟ್ ಕಮಿಷನರ್) ಕಚೇರಿಗೆ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್‌ಗಿಂತ ಅರ್ಜಿ ಬರೆದುಕೊಡುವ ಕೆಲಸವೇ ಜಾಸ್ತಿ. ನಮ್ಮ ಅಜ್ಜನೂ ಇದೇ ಕೆಲಸ ಮಾಡುತ್ತಿದ್ದರು. ಅದು ನಿಜಾಮನ ಕಾಲ, ಕಚೇರಿಯ ಭಾಷೆ ಉರ್ದು. ರೈತರು ಕನ್ನಡದಲ್ಲಿ ಕಷ್ಟ ಹೇಳಿಕೊಳ್ಳುತ್ತಿದ್ದರು, ಅಜ್ಜ ಉರ್ದುವಿನಲ್ಲಿ ಬರೆಯುತ್ತಿದ್ದರು. ಕೇಳುವುದು ಹಕ್ಕು ಅಂತ ಆಗ ಯಾರಿಗೂ ಅನಿಸುತ್ತಿರಲಿಲ್ಲ. ಕೊಟ್ಟರೆ ದಯೆ, ಇಲ್ಲದಿದ್ದರೆ ಇಲ್ಲ.

ಹೋದ ಬೇಸಿಗೆಯಲ್ಲಿ ಒಂದು ತಾಂಡಾದಿಂದ ವಯಸ್ಸಾದ ಅಮ್ಮ ಒಬ್ಬರು ಬಂದರು. ಪ್ಲಾಸ್ಟಿಕ್ ಚೀಲದಿಂದ ಕಾಗದದ ಕಟ್ಟು ತೆಗೆದು ಟೇಬಲ್ ಮೇಲಿಟ್ಟರು. ಓಣಿಯ ಬೋರಿಂಗ್ ಕೆಟ್ಟಿದೆ, ಕುಡಿಯಲು ನೀರಿಲ್ಲ ಎಂದು ಯಾರ ಕೈಲೋ ಬರೆಸಿ ದಿಲ್ಲಿಗೆ ಸ್ಪೀಡ್ ಪೋಸ್ಟ್ ಮಾಡಿಸಿದ್ದರಂತೆ. ಆ ಒಂದು ಹಾಳೆ ದಿಲ್ಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ರಾಯಚೂರಿಗೆ, ಅಲ್ಲಿಂದ ತಾಲ್ಲೂಕಿಗೆ ಇಳಿದಿತ್ತು. ಹೋದಲ್ಲೆಲ್ಲ ಒಂದೊಂದು ಕವರಿಂಗ್ ಲೆಟರ್ ಸೇರಿಸಿ ಪಿನ್ ಹೊಡೆದಿದ್ದರು. ಎಲ್ಲದರಲ್ಲೂ ‘ಮುಂದಿನ ಕ್ರಮಕ್ಕಾಗಿ’. ಕೊನೆಯ ಪತ್ರದಲ್ಲಿದ್ದದ್ದು ಅವರದೇ ಗ್ರಾಮ ಪಂಚಾಯಿತಿಯ ಹೆಸರು. ಅವರ ಮನೆಯಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ. ಅಷ್ಟರಲ್ಲಿ ಐದು ತಿಂಗಳು ಕಳೆದಿತ್ತು.

“ದಿಲ್ಲಿಗ್ಯಾಕ ಹಾಕಿಸಿದ್ರಿ ಯಮ್ಮಾ?” ಅಂದೆ.

“ದೊಡ್ಡೋರು ಅವರ ಅಲ್ಲೇನಪ್ಪಾ? ಅವರು ಹೇಳಿದ್ರ ಎಲ್ಲಾರೂ ಕೇಳ್ತಾರ.”

ಅವರದು ತಪ್ಪಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಮೇಲೆ ಒಬ್ಬ ದೊರೆ, ಕೆಳಗೆ ಉಳಿದವರೆಲ್ಲ ಅನ್ನುವುದು ಅಜ್ಜನ ಕಾಲದ ಲೆಕ್ಕ. ನಮ್ಮ ಸಂವಿಧಾನದಲ್ಲಿ ಕೆಲಸ ಹಂಚಿಕೆಯಾಗಿದೆ. ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಸೇನೆ, ರೈಲು, ಅಂಚೆ ಕೇಂದ್ರಕ್ಕೆ. ಪೊಲೀಸು, ಆಸ್ಪತ್ರೆ, ಬೇಸಾಯ, ಜಮೀನು ರಾಜ್ಯಕ್ಕೆ. ಶಿಕ್ಷಣದಂಥವು ಇಬ್ಬರಿಗೂ. ಅದೂ 1976ರ ತಿದ್ದುಪಡಿಗೆ ಮುಂಚೆ ಬಹುಪಾಲು ರಾಜ್ಯದ್ದೇ ಆಗಿತ್ತು. ಇಬ್ಬರ ಕಾನೂನೂ ತಿಕ್ಕಾಡಿದರೆ ಸಾಮಾನ್ಯವಾಗಿ ಕೇಂದ್ರದ್ದೇ ನಿಲ್ಲುತ್ತದೆ, ನಿಜ. ಹಾಗಂತ ರಾಜ್ಯ ಸರ್ಕಾರ ದಿಲ್ಲಿಯ ಶಾಖಾ ಕಚೇರಿ ಅಲ್ಲ. 1993ರಲ್ಲಿ 73ನೇ ತಿದ್ದುಪಡಿ ಜಾರಿಯಾದ ಮೇಲೆ ಪಂಚಾಯಿತಿಗೂ ಸಂವಿಧಾನದಲ್ಲೇ ಜಾಗ ಸಿಕ್ಕಿತು. ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಕುಡಿಯುವ ನೀರು ಅವುಗಳಲ್ಲಿ ಒಂದು.

ಕೆಲವು ಕೆಲಸ ಎರಡು ಕೈ ಸೇರಿದರೇ ಆಗುವಂಥವು. ನಮ್ಮ ಊರಿನ ಮೇಲೆ ಹಾಯುವ ಗದಗ–ವಾಡಿ ರೈಲು ಮಾರ್ಗವನ್ನೇ ನೋಡಿ. ರೈಲು ಕೇಂದ್ರದ್ದು, ಆದರೆ ಜಮೀನು ಬಿಡಿಸಿಕೊಡುವ ಕೆಲಸ ರಾಜ್ಯದ ಅಧಿಕಾರಿಗಳದ್ದು. ಜಮೀನಿನ ಪರಿಹಾರ ಕೇಳಲು ಒಂದು ಕಡೆ ಹೋಗಬೇಕು, ರೈಲು ಯಾವಾಗ ಅಂತ ಕೇಳಲು ಇನ್ನೊಂದು ಕಡೆ.

ಯಾರನ್ನು ಆರಿಸಿದ್ದೇವೆ ಎಂಬುದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಸ್ಕಿಯವರೊಬ್ಬರು ರಾಯಚೂರು ಸಂಸದರಿಗೆ ಅರ್ಜಿ ಬರೆಯಲು ಹೇಳಿದರು. ಮಸ್ಕಿ, ಸಿಂಧನೂರು ರಾಯಚೂರು ಜಿಲ್ಲೆಯಲ್ಲಿದ್ದರೂ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಇಷ್ಟು ಸಲ ವೋಟು ಹಾಕಿದ್ದರೂ ಅದು ಅವರ ಗಮನಕ್ಕೆ ಬಂದಿರಲಿಲ್ಲ.

ಸಂಸದರ ಕೆಲಸ ಏನು ಅಂತ ಕೇಳುವವರಿಗೆ ನಾನು 371ಜೆ ಸರ್ಟಿಫಿಕೇಟ್ ತೋರಿಸುತ್ತೇನೆ. ಸಂವಿಧಾನದ 371ಜೆ ವಿಧಿಯಿಂದ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಸಿಗುತ್ತದೆ. ಜೂನ್ ಬಂದರೆ ನನ್ನ ಅಂಗಡಿ ಮುಂದೆ ಅದಕ್ಕೇ ಸಾಲು. ವೈಜನಾಥ ಪಾಟೀಲರಂಥವರು ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. 2012ರ ಮಾರ್ಚ್‌ನಲ್ಲಿ ನಮ್ಮ ವಿಧಾನಸಭೆ, ವಿಧಾನ ಪರಿಷತ್ತು ನಿರ್ಣಯ ಮಾಡಿ ಕೇಳಿದವು. ಆದರೆ ಸಂವಿಧಾನಕ್ಕೆ ಒಂದು ಅಕ್ಷರ ಸೇರಿಸುವ ಅಧಿಕಾರವೂ ಬೆಂಗಳೂರಿಗಿಲ್ಲ. ಅದೇ ಡಿಸೆಂಬರ್‌ನಲ್ಲಿ ಲೋಕಸಭೆ, ರಾಜ್ಯಸಭೆ ಎರಡರಲ್ಲೂ ಮೂರನೇ ಎರಡು ಭಾಗದ ಬಹುಮತದಿಂದ ಆ ವಿಧಿಯನ್ನು ಸೇರಿಸುವ 98ನೇ ತಿದ್ದುಪಡಿ ಪಾಸಾಯಿತು. ನನ್ನ ತಮ್ಮನ ಮಗಳು ಎಂಜಿನಿಯರಿಂಗ್ ಸೇರಿದ್ದು ಆ ಸರ್ಟಿಫಿಕೇಟ್ ಇದ್ದದ್ದಕ್ಕೇ. ಚರಂಡಿ, ಸಮುದಾಯ ಭವನ ಅಂತ ಮಾತ್ರ ಸಂಸದರನ್ನು ಕೇಳುತ್ತಾ ಕೂತಿದ್ದರೆ ಇದು ಆಗುತ್ತಿತ್ತಾ?

ಪಿಎಸ್ಐ ಪರೀಕ್ಷೆಗೆ ಓದುವ ಹುಡುಗನೊಬ್ಬ ನೋಟ್ಸ್ ಝೆರಾಕ್ಸ್ ಮಾಡಿಸುತ್ತಾ ಕೇಳಿದ: “ಮುಖ್ಯಮಂತ್ರಿನ ನೇಮಿಸೋರು ರಾಜ್ಯಪಾಲರು. ಹಂಗಾದ್ರ ಅವರ ತೆಗೀಬಹುದಲ್ರಿ ಅಣ್ಣಾ?” ಒಳ್ಳೆಯ ಪ್ರಶ್ನೆ. ಅವನಿಗೆ ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಕಥೆ ಹೇಳಿದೆ. 1989ರಲ್ಲಿ ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಅವಕಾಶ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಿದರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಎಂದು ತಿಳಿಯುವ ಜಾಗ ಸದನವೇ ಹೊರತು ರಾಜಭವನ ಅಲ್ಲ ಎಂದಿತು. ನಾವು ವೋಟು ಹಾಕಿ ಕಳಿಸುವುದು ಶಾಸಕರನ್ನು. 224ರಲ್ಲಿ ಕನಿಷ್ಠ 113 ಜನರ ಬೆಂಬಲ ಇರುವವರೆಗೆ ಮುಖ್ಯಮಂತ್ರಿಯ ಕುರ್ಚಿಗೆ ಭಯವಿಲ್ಲ. ದೇಶವಿಡೀ ಈ ತೀರ್ಪನ್ನು ನಮ್ಮವರ ಹೆಸರಿನಿಂದಲೇ ಕರೆಯುತ್ತದೆ. ನಮ್ಮ ಮಕ್ಕಳಿಗೆ ಅದು ಗೊತ್ತಿರಬೇಕು ಅಂತ ನನಗೆ ಬಹಳ ಆಸೆ.

ಹಾಗಾಗಿ ಕೇಳುವುದಿಷ್ಟೇ ಸರ್. ರಸ್ತೆ ಕೆಟ್ಟಿದೆ ಎಂದು ಬರೆದರೆ ಅದು ರಾಷ್ಟ್ರೀಯ ಹೆದ್ದಾರಿಯೋ, ಲೋಕೋಪಯೋಗಿ ಇಲಾಖೆಯದೋ, ಪಂಚಾಯಿತಿಯದೋ ಎಂದು ಒಂದು ಸಾಲು ಸೇರಿಸಿ. ಯಾವ ಕಚೇರಿ, ಯಾವ ಹುದ್ದೆಯವರು ಎಂದು ಹಾಕಿ. ನಾನು ನೀವು ಬರೆದ ಆ ಸಾಲು ನೋಡಿಕೊಂಡೇ ವಿಳಾಸ ಬರೆಯುತ್ತೇನೆ.

ಆ ಅಮ್ಮನಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೆಸರಿಗೆ ಹೊಸ ಅರ್ಜಿ ಬರೆದುಕೊಟ್ಟೆ, ಎರಡು ಪ್ರತಿ. ಒಂದನ್ನು ಅಲ್ಲಿ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ ಎಂದೆ. ಮೂರು ವಾರಕ್ಕೆ ಬೋರಿಂಗ್ ರಿಪೇರಿ ಆಯಿತು. ಸೀಲು ಬಿದ್ದ ಆ ಪ್ರತಿಯನ್ನು ಅವರು ಇನ್ನೂ ಅದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದಾರೆ.

ಇತಿ,
ಅರ್ಜಿ ಬರೆಯುವವ, ಲಿಂಗಸುಗೂರು, ರಾಯಚೂರು ಜಿಲ್ಲೆ