ಕೈಗೆ ಕೆಲಸ ಇರುವಾಗ ಕಿವಿಗೆ ಏನಾದರೂ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಟಿವಿ, ಸಿನಿಮಾ, ಹೊಸ ಪುಸ್ತಕ ಎಲ್ಲಕ್ಕೂ ಜಾಗ ಇದೆ. ಪಾಡ್‌ಕಾಸ್ಟ್‌ಗೆ ಮಾತ್ರ ಇಲ್ಲ. ವಾರಕ್ಕೊಂದು ಸಲ, ಯಾವುದಾದರೂ ಮೂಲೆಯಲ್ಲಾದರೂ ಸರಿ, ಕನ್ನಡದಲ್ಲಿ ಕೇಳುವಂಥದ್ದು ಏನಿದೆ ಅಂತ ನಾಲ್ಕು ಸಾಲು ಹಾಕಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಯಾಕೆ ಇಷ್ಟು ಒತ್ತಿ ಕೇಳುತ್ತಿದ್ದೇನೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು, ಮನೆಯಲ್ಲಿ ರೇಷ್ಮೆ. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಾವು ಜ್ವರ ಅನ್ನುತ್ತೇವೆ) ಎದ್ದ ಹುಳು ತಂದ ದಿನದಿಂದ ಗೂಡು ಬಿಡಿಸುವ ತನಕ ಮೂರು ವಾರ ಯಾರಿಗೂ ಪುರುಸೊತ್ತಿಲ್ಲ. ಬೆಳಗ್ಗೆ ಎದ್ದು ತೋಟಕ್ಕೆ ಹೋಗಬೇಕು, ಸೊಪ್ಪು ಕೊಯ್ದು ಹೊರೆ ಕಟ್ಟಿ ತರಬೇಕು, ಕಡ್ಡಿ ಸಮೇತ ಸಮನಾಗಿ ಹರಡಬೇಕು, ಜ್ವರಕ್ಕೆ ಕೂತ ಹುಳಕ್ಕೆ ಸುಣ್ಣದ ಪುಡಿ ಹಾಕಬೇಕು. ನಾಲ್ಕನೇ ಜ್ವರ ಎದ್ದ ಮೇಲಂತೂ ಕೇಳಲೇಬೇಡಿ. ಹುಳು ಹುಟ್ಟಿದಾಗಿನಿಂದ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತ ಜಾಸ್ತಿ ಆ ಕೊನೆಯ ಏಳೆಂಟು ದಿನದಲ್ಲೇ ತಿಂದು ಮುಗಿಸುತ್ತದೆ. ರಾತ್ರಿ ಹತ್ತು ಗಂಟೆಗೂ ನಾವು ಹುಳುಮನೆಯಲ್ಲೇ ಇರುತ್ತೇವೆ. ಎರಡೂ ಕೈ, ಎರಡೂ ಕಣ್ಣು ಹುಳದ ಮೇಲೆ. ಕಿವಿ ಮಾತ್ರ ಖಾಲಿ.

ನನಗೆ ಓದುವ ಆಸೆ ಮೊದಲಿನಿಂದಲೂ ಇತ್ತು. ಪಿಯುಸಿ ಮುಗಿಸಿ ಮದುವೆಯಾಗಿ ಬಂದೆ, ಆಮೇಲೆ ಪುಸ್ತಕ ಹಿಡಿದಿದ್ದು ಕಮ್ಮಿ. ಮಗಳು ಕಾಲೇಜಿಗೆ ಸೇರಿದ ಮೇಲೆ ನನ್ನ ಫೋನಿನಲ್ಲಿ ಒಂದು ಆ್ಯಪ್ ಹಾಕಿ, "ಅಮ್ಮ, ಸುಮ್ನೆ ಕೇಳು" ಅಂದಳು. ಅಲ್ಲಿಂದ ಶುರು. ಈಗ ಬಾಗಿಲ ಪಕ್ಕದ ಮೊಳೆಗೆ ಪ್ಲಾಸ್ಟಿಕ್ ಕವರಿನಲ್ಲಿ ಫೋನ್ ತೂಗು ಹಾಕಿ, ಕೈಕಾಲು ತೊಳೆದು ಒಳಗೆ ಹೋಗುತ್ತೇನೆ. ಇಯರ್‌ಫೋನ್ ಬಳಸುವುದಿಲ್ಲ. ಅದಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಪಾಡ್‌ಕಾಸ್ಟ್ ಅಂದರೆ ಏನೋ ಹೊಸ ವಸ್ತು ಅಂತ ತುಂಬಾ ಜನ ಹಿಂಜರಿಯುತ್ತಾರೆ. ಐಪಾಡ್ ಎನ್ನುವ ಹಾಡಿನ ಪೆಟ್ಟಿಗೆಯ ಹೆಸರಿಗೆ ಪ್ರಸಾರ ಎನ್ನುವುದರ ಇಂಗ್ಲಿಷ್ ಮಾತು ಸೇರಿಸಿ 2004ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಬರೆದ ಪದ ಅದು. ನಮಗೆ ತಿಳಿದಿರಬೇಕಾದ್ದು ಇಷ್ಟೇ: ಇದು ಬೇಕಾದಾಗ ಕೇಳುವ ರೇಡಿಯೊ. ನನ್ನ ತವರಿನಲ್ಲಿ ಅಪ್ಪ ಆಕಾಶವಾಣಿಯ ಕೃಷಿ ಕಾರ್ಯಕ್ರಮಕ್ಕೆ ಕಾದು ಕೂರುತ್ತಿದ್ದರು. ಸರಿಯಾಗಿ ಆ ಹೊತ್ತಿಗೇ ತ್ರೀ ಫೇಸ್ ಕರೆಂಟ್ ಬಂದು ಮೋಟರ್ ಹಾಕೋಕೆ ಓಡಬೇಕಾದರೆ ಆವತ್ತಿನ ಮಾತು ಹೋಯಿತು, ಮತ್ತೆ ಸಿಗುತ್ತಿರಲಿಲ್ಲ. ಪಾಡ್‌ಕಾಸ್ಟ್ ನಮಗೆ ಕಾಯುತ್ತದೆ. ನಮ್ಮ ಹುಳುಮನೆ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಅದಕ್ಕೆ ಶಿಡ್ಲಘಟ್ಟಕ್ಕೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಕೂತು ಒಂದು ವಾರಕ್ಕೆ ಆಗುವಷ್ಟು ಇಳಿಸಿಟ್ಟುಕೊಳ್ಳುತ್ತೇನೆ. ಒಂದು ಗಂಟೆಯ ಮಾತಿಗೆ ಹೆಚ್ಚೆಂದರೆ 60 ಎಂಬಿ ಆಸುಪಾಸು ಖರ್ಚಾಗುತ್ತದೆ. ವಿಡಿಯೊ ಆದರೆ ಅದರ ಎಷ್ಟೋ ಪಟ್ಟು.

ಕೇಳಿದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಕೊಳ್ಳೇಗಾಲ ಶರ್ಮ ಅವರ ಜಾಣಸುದ್ದಿ. ಅವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ವಿಜ್ಞಾನಿಯಾಗಿದ್ದವರು. ವಿಜ್ಞಾನದ ಸುದ್ದಿಯನ್ನು ಪಕ್ಕದ ಮನೆಯವರು ಬಂದು ಜಗಲಿ ಮೇಲೆ ಕೂತು ಹೇಳಿದ ಹಾಗೆ ಹೇಳುತ್ತಾರೆ. ಅರ್ಥವಾಗದ ಪದ ಬಂದರೆ ಅಲ್ಲೇ ಬಿಡಿಸುತ್ತಾರೆ. ಹತ್ತನೇ ತರಗತಿ ವಿಜ್ಞಾನದಲ್ಲಿ ನಾನು ಬಾಯಿಪಾಠ ಮಾಡಿ ಪಾಸಾದವಳು, ಆಗ ಅರ್ಥವಾಗದೇ ಇದ್ದದ್ದು ಈಗ ಸೊಪ್ಪು ಹಾಕುತ್ತಾ ಅರ್ಥವಾಗುತ್ತಿದೆ ಅಂದರೆ ಆ ಸಂತೋಷ ಹೇಗಿರುತ್ತೆ ಅಂತ ಬರೆದು ತಿಳಿಸೋಕೆ ಆಗಲ್ಲ. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮುಂತಾದವರ "ತಲೆ-ಹರಟೆ" ಪಾಡ್‌ಕಾಸ್ಟ್ ಉದ್ದದ ಮಾತುಕತೆ. ಬಂದ ಅತಿಥಿಯನ್ನು ಅವಸರ ಮಾಡದೆ ಮಾತಾಡಲು ಬಿಡುತ್ತಾರೆ. ಅದು ಸೊಪ್ಪು ಕೊಯ್ಯುವ ಹೊತ್ತಿಗೆ ಸರಿಹೊಂದುತ್ತದೆ, ಎರಡು ಸಾಲು ಮುಗಿಯುವಷ್ಟರಲ್ಲಿ ಮಾತೂ ಒಂದು ಘಟ್ಟಕ್ಕೆ ಬಂದಿರುತ್ತೆ. ಕಥೆ ಬೇಕೆನಿಸಿದಾಗ "ಕೇಳಿರೊಂದು ಕಥೆಯ" ಎಂಬ ಪಾಡ್‌ಕಾಸ್ಟ್ ಇದೆ.

ಅತ್ತೆಯವರ ಬಗ್ಗೆ ಹೇಳಲೇಬೇಕು. ಅವರಿಗೆ ಓದು ಬರುವುದಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳ ಹಾಗೆ ನಮ್ಮ ಮನೆಮಾತು ತೆಲುಗು, ಹೊರಗೆಲ್ಲ ಕನ್ನಡ. ಹುಳು ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ದಿನ ಇಬ್ಬರೂ ಎದುರುಬದುರು ಕೂತು ಹಣ್ಣು ಹುಳು ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಗೆ ಬಿಡುತ್ತಿದ್ದೆವು. ಫೋನಿನಲ್ಲಿ ಒಂದು ಕಥೆ ಬರುತ್ತಿತ್ತು. ಅತ್ತೆ ಏನೂ ಮಾತಾಡಲಿಲ್ಲ. ಮುಗಿದ ಮೇಲೆ, ಕೈಯಲ್ಲಿದ್ದ ಹುಳುಗಳನ್ನು ಹಾಗೇ ಹಿಡಿದುಕೊಂಡು, "ಇಂಕೋಸಾರಿ ಪೆಟ್ಟಮ್ಮ" ಅಂದರು. ಇನ್ನೊಂದು ಸಲ ಹಾಕಮ್ಮ ಅಂತ. ಕೈವಾರ ತಾತಯ್ಯನವರ ತತ್ವಪದಗಳನ್ನು, ತೆಲುಗಿನದೂ ಕನ್ನಡದ್ದೂ, ಭಜನೆಯಲ್ಲಿ ಕೇಳಿ ಕೇಳಿಯೇ ಕಲಿತವರು ಅವರು. ಅಕ್ಷರ ಬಾರದವರು ಏನೂ ತಿಳಿಯದವರು ಅಂತ ಅಂದುಕೊಳ್ಳುವುದು ತಪ್ಪು, ಅವರಿಗೆ ಕೇಳಿಸುವವರು ಬೇಕು ಅಷ್ಟೇ.

ಆದರೆ ಇದೇ ಅತ್ತೆ ಒಮ್ಮೆ ಮೋಸ ಹೋದರು. ಫೋನಿನಲ್ಲಿ ಕೇಳಿದ ಒಂದು ಕಾರ್ಯಕ್ರಮದಲ್ಲಿ ಯಾರೋ ಒಬ್ಬರು, ಸಕ್ಕರೆ ಕಾಯಿಲೆಗೆ ಮಾತ್ರೆಯೇ ಬೇಡ, ನಾನು ಹೇಳುವ ಕಷಾಯ ಕುಡಿದರೆ ಸಾಕು ಎಂದು ಗಂಟೆಗಟ್ಟಲೆ ಮಾತಾಡಿದ್ದರು. ಮಾತು ಬಹಳ ನಯ. ಅತ್ತೆ ನನಗೆ ಹೇಳದೆ ಎರಡು ದಿನ ಮಾತ್ರೆ ಬಿಟ್ಟರು. ಮೂರನೇ ದಿನ ತಲೆಸುತ್ತು ಬಂದು ಕೊಟ್ಟಿಗೆ ಹತ್ತಿರ ಕೂತುಬಿಟ್ಟಾಗಲೇ ನನಗೆ ಗೊತ್ತಾಗಿದ್ದು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿ ಸರಿ ಮಾಡಿಕೊಂಡೆವು. ನನಗೆ ಆವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಧ್ವನಿ ಚೆನ್ನಾಗಿದ್ದರೆ ನಂಬಿಬಿಡುತ್ತೇವೆ, ಅಲ್ವಾ? ಹೇಳುವವರು ಯಾರು, ಎಲ್ಲಿ ಕಲಿತವರು ಅಂತ ನಾವು ಹೇಗೆ ತಿಳಿಯೋಣ? ಪತ್ರಿಕೆಯವರಾದರೆ ವಿಚಾರಿಸಿ, ಕೇಳಿ ನೋಡಿ, ಒಳ್ಳೆಯದನ್ನು ಆರಿಸಿ ಹೇಳಬಲ್ಲಿರಿ. ಆ್ಯಪ್‌ನಲ್ಲಿ ಕನ್ನಡದಲ್ಲಿ ಹುಡುಕಿದರೆ ನನಗೆ ಬರುವುದು ಸಿನಿಮಾ ಹಾಡು, ಇಲ್ಲ ಹಿಂದಿ ಮಾತು. ಒಳ್ಳೆಯ ಕನ್ನಡ ಪಾಡ್‌ಕಾಸ್ಟ್ ಒಂದು ಸಿಕ್ಕಿತು ಅಂದುಕೊಂಡರೆ ಹತ್ತು ಕಂತಿಗೆ ನಿಂತುಹೋಗಿರುತ್ತೆ. ಕೇಳುವವರು ಇದ್ದಾರೆ ಅಂತ ಮಾಡುವವರಿಗೆ ಗೊತ್ತಾಗಬೇಡವೇ.

ಪಾಡ್‌ಕಾಸ್ಟ್ ಮಾಡುವುದು ನಮ್ಮ ಕಡೆಯವರಿಗೆ ಆಗದ ಕೆಲಸ ಅಂತ ಯಾರೂ ಹೇಳಬೇಡಿ. 2007ರ ತನಕ ನಾವೂ ಕೋಲಾರ ಜಿಲ್ಲೆಯವರೇ. ಅದೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಹಳ್ಳಿಯವರಿಗೆ ರೇಡಿಯೊ ನಡೆಸಲು ಲೈಸೆನ್ಸ್ ಸಿಗದಿದ್ದ ಕಾಲದಲ್ಲಿ, ನಮ್ಮ ಧ್ವನಿ ಎಂದು ಹೆಸರಿಟ್ಟು ಊರವರೇ ತಮ್ಮ ಮಾತು ರೆಕಾರ್ಡ್ ಮಾಡಿ ಟಿವಿಯ ಕೇಬಲ್ ತಂತಿಯಲ್ಲೇ ಮನೆ ಮನೆಗೆ ಕಳಿಸುತ್ತಿದ್ದರು. ಮೈರಾಡ, ವಾಯ್ಸಸ್ ಸಂಸ್ಥೆಗಳು, ಯುನೆಸ್ಕೊ ಜೊತೆಗೆ ನಿಂತಿದ್ದವು. ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ನಡೆಸಬಹುದು ಅಂದಿದ್ದು 2006ರಲ್ಲಿ. ಪಾಡ್‌ಕಾಸ್ಟ್‌ಗಾದರೆ ಈಗ ಲೈಸೆನ್ಸೂ ಬೇಡ, ತಂತಿಯೂ ಬೇಡ, ಒಂದು ಫೋನ್ ಸಾಕು.

ಬಿಬಿಸಿಯಲ್ಲಿ 1998ರಿಂದ ಇನ್ ಅವರ್ ಟೈಮ್ ಎಂಬ ಕಾರ್ಯಕ್ರಮ ಬರುತ್ತಿದೆಯಂತೆ, ಮಗಳು ಕೇಳುತ್ತಾಳೆ. ಪ್ರತಿ ಸಲ ಒಂದೇ ವಿಷಯ, ಅದನ್ನು ಚೆನ್ನಾಗಿ ಬಲ್ಲ ಮೂವರು, ಮುಕ್ಕಾಲು ಗಂಟೆ ಮಾತು. ಕನ್ನಡದಲ್ಲಿ ಯಾರಾದರೂ ಹಾಗೆ ಮಾಡಿ, ನಮ್ಮ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದಲೇ ಶುರು ಮಾಡಲಿ. ಬೆಳೆಯುವವರೊಬ್ಬರು, ನೂಲು ತೆಗೆಯುವ ರೀಲರ್ ಒಬ್ಬರು, ರೇಷ್ಮೆ ಇಲಾಖೆಯವರೊಬ್ಬರು. ಮಾರಾಟಕ್ಕಿಟ್ಟ ನಮ್ಮ ಗೂಡಿನ ಲಾಟಿಗೆ ಇವತ್ತು ಈ ರೇಟ್ ಯಾಕೆ, ಪಕ್ಕದ ಲಾಟಿಗೆ ಆ ರೇಟ್ ಯಾಕೆ ಅಂತ ಮೂವರೂ ಜಗಳವಾಡದೆ ಬಿಡಿಸಿ ಹೇಳಿದರೆ ಕೇಳದೇ ಇರುವ ಮನೆ ನಮ್ಮ ತಾಲ್ಲೂಕಿನಲ್ಲಿ ಇರುವುದಿಲ್ಲ.

ಇಯರ್‌ಫೋನ್ ವಿಷಯ ಹೇಳುತ್ತೇನೆ ಅಂದಿದ್ದೆ. ಕೊನೆಯ ಜ್ವರ ಎದ್ದ ಹುಳು ಹಸಿದು ಸೊಪ್ಪು ತಿನ್ನುವಾಗ ಜಿನುಗು ಮಳೆ ಬಿದ್ದ ಹಾಗೆ ಸದ್ದು ಬರುತ್ತದೆ. ಆ ಸದ್ದು ಕಮ್ಮಿಯಾದರೆ ಏನೋ ಸರಿಯಿಲ್ಲ ಅಂತ ಅರ್ಥ. ಅದಕ್ಕೇ ಎಂಥ ಒಳ್ಳೆಯ ಮಾತು ಬರುತ್ತಿದ್ದರೂ ನಡುವೆ ಒಮ್ಮೆ ಫೋನ್ ನಿಲ್ಲಿಸಿ, ಹುಳದ ಸದ್ದು ಕೇಳಿ, ಆಮೇಲೆ ಮುಂದುವರಿಸುತ್ತೇನೆ. ಗಾಡಿ ಓಡಿಸುವಾಗ, ಟಿಲ್ಲರ್ ಹೊಡೆಯುವಾಗ ಕಿವಿಗೆ ಸಿಕ್ಕಿಸಿಕೊಳ್ಳುವ ಹುಡುಗರಿಗೂ ನಾನು ಬಿಡದೆ ಬೈಯುತ್ತೇನೆ.

ನೀವು ಹಾಕುವುದಾದರೆ ಹೆಸರನ್ನು ಕನ್ನಡ ಅಕ್ಷರದಲ್ಲೇ ಹಾಕಿ. ಎಷ್ಟು ನಿಮಿಷ, ಎಲ್ಲಿ ಸಿಗುತ್ತದೆ, ಮಾತಾಡುವವರು ಯಾರು ಅಂತ ಬರೆಯಿರಿ. ಮುಂದಿನ ಸೋಮವಾರ ನಮ್ಮ ಮನೆಗೆ ಚಾಕಿ ಹುಳು ಬರುತ್ತದೆ. ಅಷ್ಟರೊಳಗೆ ಎರಡು ಹೆಸರು ಕೊಟ್ಟರೂ ಸಾಕು, ಭಾನುವಾರ ಪೇಟೆಗೆ ಹೋದಾಗ ಇಳಿಸಿಟ್ಟುಕೊಳ್ಳುತ್ತೇನೆ.

ಇತಿ,
ಒಬ್ಬ ರೇಷ್ಮೆ ಬೆಳೆಗಾರ್ತಿ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ